ಮುಚ್ಚಳ ಕೂಡದಂತೆ ತಡೆಯುವ ಅಣು



ಧಾರವಾಡದಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿ ನಿಮಗೆ ಗೊತ್ತು. ಬೆಳಗಾವಿ ದಾಟಬೇಕು, ಸಂಕೇಶ್ವರ ದಾಟಬೇಕು. ನಿಪ್ಪಾಣಿ ಇನ್ನೂ ಬಂದಿಲ್ಲ ಅನ್ನುವಾಗ ಕಣಗಲಾ ಎಂಬ ಊರು ಸಿಗುತ್ತದೆ. ಹುಕ್ಕೇರಿ ತಾಲ್ಲೂಕಿನ ಊರು. ಅಲ್ಲಿ ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆಯ ಕಾರ್ಖಾನೆ ಇದೆ. ಹಳಬರು ಅದನ್ನು ಇಂದಿಗೂ ಹಿಂದುಸ್ತಾನ್ ಲೇಟೆಕ್ಸ್ ಎಂದೇ ಕರೆಯುತ್ತಾರೆ. 1985ರ ಸುಮಾರಿಗೆ ಶುರುವಾದ ಈ ಕಾರ್ಖಾನೆಯಲ್ಲಿ ಕುಟುಂಬ ಯೋಜನೆಯ ಸಾಧನಗಳು ತಯಾರಾಗುತ್ತವೆ. ಸಹೇಲಿ ಎಂಬ ಗುಳಿಗೆ ಅವುಗಳಲ್ಲಿ ಒಂದು.

ಗುಳಿಗೆ ಚಿಕ್ಕದು. ಅದರಲ್ಲಿ ಇರುವ ಔಷಧ 30 ಮಿಲಿಗ್ರಾಂ ಮಾತ್ರ. ಆದರೆ ಅದರ ಹಿಂದೆ ದೊಡ್ಡ ವಿಜ್ಞಾನವಿದೆ. ಸಾಮಾನ್ಯವಾಗಿ ಗರ್ಭನಿರೋಧಕ ಗುಳಿಗೆ ಎಂದರೆ ಅದರಲ್ಲಿ ಹಾರ್ಮೋನು ಇರುತ್ತದೆ. ಸಹೇಲಿಯಲ್ಲಿ ಹಾರ್ಮೋನು ಇಲ್ಲ. ಹಾರ್ಮೋನು ಹೋಗಿ ಕೂಡುವ ಜಾಗದಲ್ಲಿ ತಾನು ಮೊದಲೇ ಹೋಗಿ ಕೂಡುವ ಒಂದು ಅಣು ಅದರಲ್ಲಿದೆ. ಆ ಔಷಧದ ಹೆಸರು ಆರ್ಮೆಲಾಕ್ಸಿಫೆನ್. ವಿಜ್ಞಾನಿಗಳ ನಡುವೆ ಮೊದಲಿನಿಂದ ಬಳಕೆಯಲ್ಲಿದ್ದ ಹೆಸರು ಸೆಂಟ್‌ಕ್ರೋಮಾನ್.

ಇಂದಿನ ಮಾತೆಲ್ಲ ಇಂಥ ಅಣುಗಳ ಬಗ್ಗೆ. ದೇಹದೊಳಗೆ ಹಾರ್ಮೋನು ಒಂದು ಪ್ರೋಟೀನನ್ನು ಸೇರುತ್ತದೆ. ಆ ಪ್ರೋಟೀನು ಹೋಗಿ ಇನ್ನೊಂದು ಪ್ರೋಟೀನನ್ನು ಸೇರುತ್ತದೆ. ಆಗ ಕೆಲಸ ನಡೆಯುತ್ತದೆ. ಈ ಭೇಟಿಯನ್ನು ತಪ್ಪಿಸುವ ಸಣ್ಣ ಅಣುವನ್ನು ಮನುಷ್ಯ ಹೇಗೆ ರೂಪಿಸುತ್ತಾನೆ? ಮೊದಲು ಹೇಗೆ ರೂಪಿಸಿದ, ಈಗ ಹೇಗೆ ರೂಪಿಸುತ್ತಿದ್ದಾನೆ? ಹುಬ್ಬಳ್ಳಿ ಧಾರವಾಡದಲ್ಲಿ ಈ ಕೆಲಸಕ್ಕೆ ಏನೇನು ಅನುಕೂಲವಿದೆ?

ಮೊದಲು ಹಾರ್ಮೋನಿನ ಮಾತು. ಈಸ್ಟ್ರೋಜನ್ ಹೆಣ್ಣಿನ ದೇಹದ ಮುಖ್ಯ ಹಾರ್ಮೋನು. ಅದು ಅಂಡಾಶಯದಲ್ಲಿ ಹುಟ್ಟುತ್ತದೆ, ರಕ್ತದಲ್ಲಿ ಹರಿಯುತ್ತದೆ. ರಕ್ತ ಮೈಯೆಲ್ಲ ಸುತ್ತುತ್ತದೆ. ಹಾಗಾದರೆ ಈಸ್ಟ್ರೋಜನ್ ಪ್ರಭಾವ ಮೈಯೆಲ್ಲ ಒಂದೇ ಸಮನಾಗಿ ಇರಬೇಕಲ್ಲ? ಹಾಗಿಲ್ಲ. ಗರ್ಭಕೋಶದ ಮೇಲೆ ಇದೆ, ಸ್ತನದ ಮೇಲೆ ಇದೆ, ಮೂಳೆಯ ಮೇಲೆ ಇದೆ. ತೋಳಿನ ಸ್ನಾಯುವಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಯಾಕೆ?

ಉತ್ತರ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಎಲ್ವುಡ್ ಜೆನ್ಸನ್ ಎಂಬ ವಿಜ್ಞಾನಿ ಇದ್ದರು. ಅವರು ಈಸ್ಟ್ರೋಜನ್ ಅಣುವಿಗೆ ವಿಕಿರಣ ಸೂಸುವ ಹೈಡ್ರೋಜನ್ ಪರಮಾಣುಗಳನ್ನು ಜೋಡಿಸಿದರು. ಅದನ್ನು ತೀರ ಸಣ್ಣ ಪ್ರಮಾಣದಲ್ಲಿ ಎಳೆಯ ಹೆಣ್ಣು ಇಲಿಗಳಿಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ರಕ್ತದಿಂದ ಅದು ಇಳಿದುಹೋಯಿತು, ಸ್ನಾಯುವಿನಿಂದಲೂ ಹೋಯಿತು. ಗರ್ಭಕೋಶದಲ್ಲಿ ಮಾತ್ರ ಉಳಿಯಿತು. ಉಳಿದ ಅಣು ಕೊಂಚವೂ ಬದಲಾಗಿರಲಿಲ್ಲ. ಅಂದರೆ ಅದನ್ನು ಹಿಡಿದಿಟ್ಟುಕೊಳ್ಳುವ ವಸ್ತು ಏನೋ ಗರ್ಭಕೋಶದ ಜೀವಕೋಶಗಳಲ್ಲಿ ಇದೆ. ಆ ವಸ್ತುವೇ ರಿಸೆಪ್ಟರ್, ಕನ್ನಡದ ಪಠ್ಯಪುಸ್ತಕಗಳಲ್ಲಿ ಗ್ರಾಹಕ. ಅದೊಂದು ಪ್ರೋಟೀನು. ಸುಮಾರು 600 ಅಮೈನೋ ಆಮ್ಲಗಳ ಒಂದು ಸರಪಳಿ.

ಇಷ್ಟು ತಿಳಿದಂತಾಯಿತು: ಹಾರ್ಮೋನು ಎಲ್ಲ ಕಡೆ ಹರಿಯುತ್ತದೆ, ಗ್ರಾಹಕ ಇರುವಲ್ಲಿ ಮಾತ್ರ ನಿಲ್ಲುತ್ತದೆ. ಗ್ರಾಹಕವನ್ನು ಬೇರೊಂದು ಅಣು ಆಕ್ರಮಿಸಿಕೊಂಡರೆ ಹಾರ್ಮೋನು ಬಂದರೂ ಅದಕ್ಕೆ ಜಾಗವಿಲ್ಲ.

ಹಾರ್ಮೋನಿನ ಕೆಲಸ ತಡೆದರೆ ರೋಗ ಹಿಡಿತಕ್ಕೆ ಬರಬಹುದು ಎಂಬ ಸುಳಿವು ಇನ್ನೂ ಹಳೆಯದು. 1896ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಒಂದು ವರದಿ ಕೊಟ್ಟರು. ಸ್ತನ ಕ್ಯಾನ್ಸರ್ ಇದ್ದ ಹೆಣ್ಣುಮಗಳೊಬ್ಬಳ ಅಂಡಾಶಯಗಳನ್ನು ತೆಗೆದಾಗ ಗಡ್ಡೆ ಕುಗ್ಗಿತ್ತು. ಆಗ ಈಸ್ಟ್ರೋಜನ್ ಎಂಬ ಹೆಸರೇ ಇರಲಿಲ್ಲ. ಅಂಡಾಶಯಕ್ಕೂ ಸ್ತನದ ಗಡ್ಡೆಗೂ ನಂಟಿದೆ ಎಂಬುದು ಮಾತ್ರ ಅವರಿಗೆ ಕಂಡಿತ್ತು. ಅಂಗವನ್ನೇ ಕತ್ತರಿಸಿ ತೆಗೆಯುವ ಬದಲು ಒಂದು ಗುಳಿಗೆಯಿಂದ ಆ ಕೆಲಸ ಆಗಲು ಮತ್ತೆ ಸುಮಾರು 75 ವರ್ಷ ಬೇಕಾಯಿತು.

ಆ ಗುಳಿಗೆ ಟ್ಯಾಮಾಕ್ಸಿಫೆನ್. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ 1962ರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನವಿಜ್ಞಾನಿ ಅದನ್ನು ತಯಾರಿಸಿದರು. ಆರ್ಥರ್ ವಾಲ್ಪೋಲ್ ಆ ತಂಡದ ಮುಖ್ಯಸ್ಥರು. ಅವರು ಹುಡುಕುತ್ತಿದ್ದದ್ದು ಗರ್ಭನಿರೋಧಕವನ್ನು. ಇಲಿಗಳಲ್ಲಿ ಅದು ಗರ್ಭ ನಿಲ್ಲದಂತೆ ತಡೆಯಿತು. ಮಹಿಳೆಯರಲ್ಲಿ ನೋಡಿದರೆ ಉಲ್ಟಾ, ಅಂಡ ಬಿಡುಗಡೆಯಾಗಲು ಅದು ಸಹಾಯವನ್ನೇ ಮಾಡಿತು. ಗರ್ಭನಿರೋಧಕವಾಗಿ ಅದರ ಕಥೆ ಅಲ್ಲಿಗೆ ಮುಗಿಯಿತು. ಆದರೆ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಡಾಕ್ಟರ್ ಮೇರಿ ಕೋಲ್ ಅದನ್ನು ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿ 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರ ಗಡ್ಡೆಗಳು ಕುಗ್ಗಿದ್ದವು. 1973ರಲ್ಲಿ ಬ್ರಿಟನ್ನಿನಲ್ಲಿ ಅದು ಔಷಧವಾಗಿ ಬಂತು.

ಇಂದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದ ಮನೆಗಳಲ್ಲಿ ಒಂದು ಕಾಗದ ಇರುತ್ತದೆ. ಗಡ್ಡೆಯ ತುಣುಕು ತೆಗೆದು ಪರೀಕ್ಷಿಸಿದ ವರದಿ. ಅದರಲ್ಲಿ 'ಇಆರ್' ಎಂಬ ಎರಡು ಅಕ್ಷರ, ಮುಂದೆ ಪಾಸಿಟಿವ್ ಅಥವಾ ನೆಗೆಟಿವ್. ಇಆರ್ ಎಂದರೆ ಈಸ್ಟ್ರೋಜನ್ ರಿಸೆಪ್ಟರ್, ಜೆನ್ಸನ್ ಅವರು ಇಲಿಯ ಗರ್ಭಕೋಶದಲ್ಲಿ ಪತ್ತೆ ಮಾಡಿದ ಅದೇ ಗ್ರಾಹಕ. ಪಾಸಿಟಿವ್ ಎಂದು ಬಂದರೆ ಗಡ್ಡೆಯ ಜೀವಕೋಶಗಳಲ್ಲಿ ಆ ಗ್ರಾಹಕ ಇದೆ, ಅದನ್ನು ತಡೆಯುವ ಔಷಧ ಕೆಲಸ ಮಾಡುವ ಸಂಭವವಿದೆ. ನೆಗೆಟಿವ್ ಇದ್ದರೆ ಟ್ಯಾಮಾಕ್ಸಿಫೆನ್ ಕೊಟ್ಟು ಉಪಯೋಗವಿಲ್ಲ. ಜಗತ್ತಿನ ಲೆಕ್ಕದಲ್ಲಿ ಹತ್ತು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಏಳು ಪಾಸಿಟಿವ್. ದಿನಕ್ಕೊಂದರಂತೆ ಐದು ವರ್ಷ ನುಂಗುವ ಆ ಗುಳಿಗೆ ಲಕ್ಷಾಂತರ ತಾಯಂದಿರನ್ನು ಉಳಿಸಿದೆ. ಹೀಗಾಗಿ ವರದಿಯ ಆ ಎರಡು ಅಕ್ಷರ ಏನು ಹೇಳುತ್ತವೆ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಬೇಕು. ರೋಗಿಗೂ ಮನೆಯವರಿಗೂ ಅದು ಗೊತ್ತಿರಬೇಕು.

ಇಂಗ್ಲೆಂಡಿನಲ್ಲಿ ಗರ್ಭನಿರೋಧಕ ಎಂದು ಶುರುವಾದದ್ದು ಕ್ಯಾನ್ಸರ್ ಔಷಧವಾಯಿತು. ಅದೇ ಬಗೆಯ ಅಣುವಿನಿಂದ ನಮ್ಮ ದೇಶದಲ್ಲಿ ಏನಾಯಿತು? ಅದು ಲಖನೌದ ಕಥೆ.

ಲಖನೌದಲ್ಲಿ ಗೋಮತಿ ನದಿಯ ದಂಡೆಯ ಮೇಲೆ ಛತ್ತರ್ ಮಂಜಿಲ್ ಎಂಬ ನವಾಬರ ಅರಮನೆ ಇದೆ. 1951ರಲ್ಲಿ ಆ ಅರಮನೆಯಲ್ಲಿ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿ ನಿತ್ಯಾನಂದ್ ಎಂಬ ರಸಾಯನವಿಜ್ಞಾನಿ ಇದ್ದರು. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರಾದರು. 2024ರ ಜನವರಿಯಲ್ಲಿ, 99 ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಂಡದಲ್ಲಿ ಅಣುಗಳನ್ನು ಕಟ್ಟುವ ಸುಪ್ರಭಾತ್ ರೇ ಅವರಂಥ ರಸಾಯನವಿಜ್ಞಾನಿಗಳಿದ್ದರು. ಕಟ್ಟಿದ್ದನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವ ವೇದ್ ಪ್ರಕಾಶ್ ಕಾಂಬೋಜ್ ಅವರಂಥ ಜೀವವಿಜ್ಞಾನಿಗಳಿದ್ದರು.

1960ರ ದಶಕ ಅದು. ಗ್ರಾಹಕದ ಚಿತ್ರ ಯಾರ ಬಳಿಯೂ ಇರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಪ್ರೋಟೀನು ತಿರುಗಿಸಿ ನೋಡುವ ಮಾತೇ ಇರಲಿಲ್ಲ. ಇದ್ದದ್ದು ಒಂದು ತರ್ಕ. ಈಸ್ಟ್ರೋಜನ್ ಅಣುವಿನ ಎರಡು ತುದಿಗಳಲ್ಲಿ ಆಮ್ಲಜನಕವಿದೆ. ನಡುವೆ ಚಪ್ಪಟೆಯಾದ ಉಂಗುರಗಳಿವೆ. ಹಾಗೇ ಕಾಣುವ, ಆದರೆ ಸ್ವಲ್ಪ ಬೇರೆಯಾದ ಅಣು ಕಟ್ಟಿದರೆ ಅದು ಗ್ರಾಹಕದೊಳಗೆ ಹೋಗಬಹುದು. ಹೋಗಿ, ಕೆಲಸ ಮಾಡದೆ ಸುಮ್ಮನೆ ಕೂಡಬಹುದು. ಅವರು ಕ್ರೋಮಾನ್ ಎಂಬ ಜೋಡಿ ಉಂಗುರವನ್ನು ಹಂದರವಾಗಿ ಆರಿಸಿಕೊಂಡರು. ಅದಕ್ಕೆ ಬೆಂಜೀನ್ ಉಂಗುರಗಳನ್ನು ಜೋಡಿಸಿದರು. ಒಂದು ಉಂಗುರದಿಂದ ಒಂದು ಉದ್ದನೆಯ ಬಾಲ ಹೊರಡಿಸಿದರು. ಆ ಬಾಲದ ತುದಿಯಲ್ಲಿ ಸಾರಜನಕದ ಒಂದು ಪರಮಾಣು. ಈ ಬಾಲವನ್ನು ನೆನಪಿನಲ್ಲಿಡಿ, ಮುಂದೆ ಅದೇ ಮುಖ್ಯವಾಗುತ್ತದೆ.

ಒಂದು ಅಣು ಕಟ್ಟುವುದು, ಇಲಿಗೆ ಕೊಡುವುದು, ಗರ್ಭ ನಿಂತಿತೋ ಇಲ್ಲವೋ ನೋಡುವುದು. ನಂತರ ಅಣುವಿನ ಒಂದು ಮೂಲೆ ಬದಲಿಸುವುದು, ಮತ್ತೆ ಇಲಿಗೆ ಕೊಡುವುದು. ಎರಡು ಉಂಗುರಗಳು ಹಂದರದ ಒಂದೇ ಪಕ್ಕಕ್ಕೆ ಇದ್ದರೆ ಫಲ ಕಡಿಮೆ, ಎದುರುಬದುರು ಪಕ್ಕಕ್ಕೆ ಇದ್ದರೆ ಹೆಚ್ಚು ಎಂಬುದು ಹೀಗೇ ಗೊತ್ತಾಯಿತು. ಒಳ್ಳೆಯದೆಂದು ಉಳಿದುಕೊಂಡ ಅಣುವಿಗೆ ಪ್ರಯೋಗಾಲಯದ ದಾಖಲೆಯಲ್ಲಿ 67/20 ಎಂಬ ಸಂಖ್ಯೆ ಬಿತ್ತು. ಅದೇ ಸೆಂಟ್‌ಕ್ರೋಮಾನ್. ಅಲ್ಲಿಂದ ಮುಂದೆ ಬೇರೆ ಪ್ರಾಣಿಗಳು, ಮಂಗಗಳು, ಆಮೇಲೆ ಸ್ವಇಚ್ಛೆಯಿಂದ ಬಂದ ಮಹಿಳೆಯರು. ಸರ್ಕಾರದ ಅನುಮತಿ ದೊರೆತು ಅದು ಸಹೇಲಿ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಾಗ 1990ರ ದಶಕ ಶುರುವಾಗಿತ್ತು. ಅಂದರೆ 20 ವರ್ಷಕ್ಕೂ ಹೆಚ್ಚು. ಒಂದು ಗುಳಿಗೆಗಾಗಿ ಒಂದು ತಲೆಮಾರಿನ ವಿಜ್ಞಾನಿಗಳ ದುಡಿಮೆ ಅದು. ಸ್ವಾತಂತ್ರ್ಯ ಬಂದು ಹೆಚ್ಚು ಕಾಲ ಆಗಿರದ ದೇಶವೊಂದು ತನ್ನದೇ ಪ್ರಯೋಗಾಲಯದಲ್ಲಿ ಹೊಸ ಅಣು ಹುಟ್ಟಿಸಿ, ಅದನ್ನು ಬಡವರ ಮನೆಯವರೆಗೆ ತಲುಪಿಸಿದ್ದು ದೊಡ್ಡ ಸಾಧನೆ. ಇದನ್ನು ಶಾಲೆಯ ಪಾಠದಲ್ಲಿ ಕಲಿಸಬೇಕು.

ಈಗ ಗುಳಿಗೆ ನುಂಗುವ ಕ್ರಮ. ವಿಜ್ಞಾನ ಅದರೊಳಗೂ ಇದೆ.

ಸರ್ಕಾರಿ ದವಾಖಾನೆಗಳಲ್ಲಿ ಈ ಗುಳಿಗೆ ಛಾಯಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಒಂದು ಪಟ್ಟಿಯಲ್ಲಿ ಎಂಟು ಗುಳಿಗೆ. ಹಣ ಕೊಡಬೇಕಾಗಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಮುಂದೆ ಮಾತು ಹೀಗೆ ನಡೆಯುತ್ತದೆ.

"ದಿನಾ ನುಂಗಬೇಕೇನ್ರಿ ಅಕ್ಕಾರ?"

"ಇಲ್ಲವಾ. ಮೊದಲ ಮೂರು ತಿಂಗಳ ವಾರಕ್ಕ ಎರಡು. ಆಮ್ಯಾಲೆ ವಾರಕ್ಕ ಒಂದ."

"ಹೊಟ್ಟಿ ತೊಳಸೂದಿಲ್ಲೇನ್ರಿ?"

"ಇದರಾಗ ಹಾರ್ಮೋನ್ ಇಲ್ಲವಾ. ಆ ತ್ರಾಸ ಇರೂದಿಲ್ಲ. ಮುಟ್ಟು ಒಂದೊಂದ ಸಲ ತಡಾ ಆಗಬಹುದು, ಅದಕ್ಕ ಅಂಜಬ್ಯಾಡ."

ಮುಟ್ಟು ಶುರುವಾದ ಮೊದಲ ದಿನ ಮೊದಲ ಗುಳಿಗೆ. ಆ ದಿನ ರವಿವಾರ ಎಂದಿಟ್ಟುಕೊಳ್ಳಿ. ಎರಡನೆಯ ಗುಳಿಗೆ ಬುಧವಾರ. ಮೂರು ತಿಂಗಳು ರವಿವಾರ ಮತ್ತು ಬುಧವಾರ ತಪ್ಪದೆ ನುಂಗಬೇಕು. ನಾಲ್ಕನೆಯ ತಿಂಗಳಿನಿಂದ ರವಿವಾರ ಮಾತ್ರ ಸಾಕು. ಮೊದಲ ದಿನ ಸೋಮವಾರವಾದರೆ ಸೋಮವಾರ ಮತ್ತು ಗುರುವಾರ, ನಂತರ ಸೋಮವಾರ ಮಾತ್ರ.

ಯಾಕೆ ಹೀಗೆ? ಈ ಅಣು ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ನುಂಗಿದ್ದರಲ್ಲಿ ಅರ್ಧ ಹೋಗಲು ಸುಮಾರು ಒಂದು ವಾರ ಬೇಕು. ಹಾಗಾಗಿ ಮೊದಲ ಮೂರು ತಿಂಗಳು ವಾರಕ್ಕೆರಡು ನುಂಗಿ ರಕ್ತದಲ್ಲಿ ಬೇಕಾದಷ್ಟು ಔಷಧ ಕೂಡಿಸಬೇಕು. ಆಮೇಲೆ ವಾರಕ್ಕೊಂದು ನುಂಗಿ ಅದನ್ನು ಆ ಮಟ್ಟದಲ್ಲಿ ಕಾಯ್ದುಕೊಳ್ಳಬೇಕು. ಈ ಗುಳಿಗೆ ಸಾಮಾನ್ಯವಾಗಿ ಅಂಡ ಬಿಡುಗಡೆಯನ್ನು ತಡೆಯುವುದಿಲ್ಲ. ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜನ್ ಮಾಡಬೇಕಾದ ಸಿದ್ಧತೆಯನ್ನು ಮಾತ್ರ ತಡೆಯುತ್ತದೆ. ಸಿದ್ಧತೆಯ ವೇಳೆ ತಪ್ಪಿದರೆ ಗರ್ಭ ನೆಲೆಯೂರುವುದಿಲ್ಲ.

ಗುಳಿಗೆ ಮರೆತರೆ ನೆನಪಾದ ಕೂಡಲೇ ನುಂಗಬೇಕು, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಕೂಡ ಬಳಸಬೇಕು. ಏಳು ದಿನಕ್ಕಿಂತ ಹೆಚ್ಚು ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು. ಮುಟ್ಟು 15 ದಿನಕ್ಕಿಂತ ಹೆಚ್ಚು ತಡವಾದರೆ ಗರ್ಭ ಪರೀಕ್ಷೆ ಮಾಡಿಸಲೇಬೇಕು. ಕಾಮಾಲೆ ಅಥವಾ ಯಕೃತ್ತಿನ ತೊಂದರೆ ಇದ್ದವರು, ಅಂಡಾಶಯದಲ್ಲಿ ನೀರ್ಗುಳ್ಳೆ ಇರುವವರು, ಕ್ಷಯದಂಥ ದೀರ್ಘ ಕಾಯಿಲೆಯವರು ಡಾಕ್ಟರನ್ನು ಕೇಳದೆ ನುಂಗಬಾರದು.

ಕೇಳುಗರೆ, ಇಲ್ಲಿಯವರೆಗೆ ಎರಡು ಅಣುಗಳ ಕಥೆ ಆಯಿತು. ಟ್ಯಾಮಾಕ್ಸಿಫೆನ್ ಮತ್ತು ಸೆಂಟ್‌ಕ್ರೋಮಾನ್. ಎರಡೂ ಗ್ರಾಹಕದ ಚಿತ್ರ ನೋಡದೆ ರೂಪುಗೊಂಡವು. ಎರಡರಲ್ಲೂ ಉದ್ದನೆಯ ಬಾಲವಿದೆ, ಬಾಲದ ತುದಿಯಲ್ಲಿ ಸಾರಜನಕವಿದೆ. ಬಾಲ ಕತ್ತರಿಸಿದರೆ ತಡೆಯುವ ಗುಣ ಹೋಗುತ್ತದೆ ಎಂಬುದು ಪ್ರಯೋಗದಿಂದ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ.

ಅದು ಗೊತ್ತಾದದ್ದು 1997ರಲ್ಲಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈಸ್ಟ್ರೋಜನ್ ಗ್ರಾಹಕದ ಮುಖ್ಯ ಭಾಗವನ್ನು ಹರಳಾಗಿಸಿದರು. ಅದರ ಮೇಲೆ ಎಕ್ಸ್-ಕಿರಣ ಹಾಯಿಸಿ ಪ್ರತಿಯೊಂದು ಪರಮಾಣುವಿನ ಸ್ಥಾನ ಗುರುತಿಸಿದರು. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು. ಆದ್ದರಿಂದ ಹೀಗೆ ಕಲ್ಪಿಸಿಕೊಳ್ಳಿ.

ಹೊಲಕ್ಕೆ ಒಯ್ಯುವ ಬುತ್ತಿಯ ಡಬ್ಬಿಯೊಂದಿದೆ. ಡಬ್ಬಿಗೆ ಕೀಲಿನಿಂದ ಅಂಟಿಕೊಂಡ ಮುಚ್ಚಳವಿದೆ. ಒಳಗೆ ರೊಟ್ಟಿಯ ಚೂರು ಇಟ್ಟರೆ ಮುಚ್ಚಳ ಸರಿಯಾಗಿ ಕೂಡುತ್ತದೆ. ಉದ್ದ ಹಿಡಿಕೆಯ ಚಮಚ ಇಟ್ಟರೆ? ಹಿಡಿಕೆ ಹೊರಗೆ ಚಾಚುತ್ತದೆ, ಮುಚ್ಚಳ ಕೂಡುವುದಿಲ್ಲ. ಅದು ಪಕ್ಕಕ್ಕೆ ವಾಲಿಕೊಳ್ಳುತ್ತದೆ.

ಗ್ರಾಹಕವೇ ಆ ಡಬ್ಬಿ. ಪ್ರೋಟೀನಿನ ಸರಪಳಿ ಹನ್ನೆರಡು ಸುರುಳಿಗಳಾಗಿ ಮಡಿಚಿಕೊಂಡು ನಡುವೆ ಒಂದು ಪೊಟರೆ ಮಾಡಿಕೊಂಡಿದೆ. ಹನ್ನೆರಡನೆಯ ಸುರುಳಿಯೇ ಮುಚ್ಚಳ. ಈಸ್ಟ್ರೋಜನ್ ಗಿಡ್ಡ ಅಣು, ಅದು ಒಳಗೆ ಕೂತರೆ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಡಬ್ಬಿಯ ಹೊರಮೈಯಲ್ಲಿ, ಮುಚ್ಚಳದ ಪಕ್ಕದಲ್ಲೇ, ಒಂದು ಕಿರಿದಾದ ಗಾಡಿ, ಅಂದರೆ ತೋಡು, ತೆರೆದುಕೊಳ್ಳುತ್ತದೆ. ಆ ಗಾಡಿಗೆ ಇನ್ನೊಂದು ಪ್ರೋಟೀನು ಬಂದು ಕಚ್ಚಿಕೊಳ್ಳುತ್ತದೆ. ಅದನ್ನು ಸಹಾಯಕ ಪ್ರೋಟೀನು ಅನ್ನೋಣ. ಅಂಥದ್ದೊಂದನ್ನು 1995ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬರ್ಟ್ ಓ'ಮ್ಯಾಲಿ ಅವರ ತಂಡ ಗುರುತಿಸಿತ್ತು. ಸಹಾಯಕ ಪ್ರೋಟೀನು ಬಂದು ಸೇರಿದ ಮೇಲೆಯೇ ಜೀನುಗಳು ಎಚ್ಚರಗೊಳ್ಳುತ್ತವೆ, ಜೀವಕೋಶ ಬೆಳೆಯುತ್ತದೆ.

ಟ್ಯಾಮಾಕ್ಸಿಫೆನ್ ಕೂತರೆ ಅದರ ಬಾಲ ಹೊರಗೆ ಚಾಚುತ್ತದೆ. ಮುಚ್ಚಳ ಕೂಡುವುದಿಲ್ಲ. ಅದು ವಾಲಿ, ಹೋಗಿ ಕೂಡುವುದು ಸರಿಯಾಗಿ ಆ ಗಾಡಿಯಲ್ಲೇ. ಗಾಡಿ ತುಂಬಿಹೋಯಿತು. ಸಹಾಯಕ ಪ್ರೋಟೀನು ಬಂದರೆ ಕಚ್ಚಿಕೊಳ್ಳಲು ಜಾಗವಿಲ್ಲ. ಬಾಲದ ಸಾರಜನಕ ಗ್ರಾಹಕದ 351ನೆಯ ಅಮೈನೋ ಆಮ್ಲವನ್ನು ಹಿಡಿದು ನಿಲ್ಲುತ್ತದೆ. ಮೂವತ್ತು ವರ್ಷ ಮೊದಲು ಇಲಿಗಳಿಂದ ಕಲಿತ ಪಾಠಕ್ಕೆ ಕಾರಣ ಸಿಕ್ಕಿತು.

ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜನ್ ಕೆಲಸವನ್ನು ತಡೆಯುತ್ತದೆ. ಮುಟ್ಟು ನಿಂತವರ ಮೂಳೆಯಲ್ಲಿ ಈಸ್ಟ್ರೋಜನ್ನಿನಂತೆಯೇ ಒಳಿತು ಮಾಡುತ್ತದೆ. ಗರ್ಭಕೋಶದಲ್ಲೂ ಕೊಂಚ ಈಸ್ಟ್ರೋಜನ್ನಿನಂತೆ ನಡೆದು ಅಲ್ಲಿ ಕ್ಯಾನ್ಸರಿನ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಒಂದೇ ಅಣು, ಮೂರು ಕಡೆ ಮೂರು ನಡೆ. ಒಂದೊಂದು ಅಂಗದಲ್ಲಿ ಇರುವ ಸಹಾಯಕ ಪ್ರೋಟೀನುಗಳು ಬೇರೆ ಬೇರೆ. ಅರೆಬರೆ ಮುಚ್ಚಿದ ಡಬ್ಬಿಯ ಜೊತೆಗೂ ಕೆಲವು ಹೊಂದಿಕೊಳ್ಳುತ್ತವೆ, ಕೆಲವು ಹೊಂದಿಕೊಳ್ಳುವುದಿಲ್ಲ. ಹೀಗಾಗಿ ಹಾರ್ಮೋನಿನ ಪರಿಣಾಮವನ್ನು ತೀರ್ಮಾನಿಸುವುದು ಹಾರ್ಮೋನು ಒಂದೇ ಅಲ್ಲ. ಗ್ರಾಹಕ ಯಾರನ್ನು ಭೇಟಿಯಾಯಿತು ಎಂಬುದೂ ತೀರ್ಮಾನಿಸುತ್ತದೆ.

ಅಂಗದಿಂದ ಅಂಗಕ್ಕೆ ಫಲ ಬೇರೆಯಾಗುತ್ತದೆ ಎಂಬ ಎಚ್ಚರ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಸೆಂಟ್‌ಕ್ರೋಮಾನಿನ ಕುಟುಂಬದಲ್ಲೇ ಇದೆ. ಆ ಅಣುವಿಗೆ ಎರಡು ರೂಪ, ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿ ಅದರಲ್ಲಿ ಒಂದನ್ನು ಬೇರ್ಪಡಿಸಿ, ಮುಟ್ಟು ನಿಂತ ಮಹಿಳೆಯರ ಮೂಳೆ ಸವೆತಕ್ಕೆ ಪ್ರತಿದಿನ ಕೊಟ್ಟು ನೋಡಿತು. ಮೂಳೆಗೆ ಗುಣ ಕಂಡಿತು. ಆದರೆ ಗರ್ಭಕೋಶದಲ್ಲಿ ತೊಂದರೆಗಳು ಕಾಣಿಸಿಕೊಂಡವು. 1998ರಲ್ಲಿ ಆ ಪ್ರಯೋಗ ನಿಂತಿತು. ಅಣು ಅದೇ ಮನೆತನದ್ದು. ಪ್ರಮಾಣ, ವಯಸ್ಸು, ಉದ್ದೇಶ ಬೇರೆಯಾದವು, ಫಲವೂ ಬೇರೆಯಾಯಿತು.

ಇಷ್ಟು ಕೇಳಿದ ಮೇಲೆ ಒಂದು ಪ್ರಶ್ನೆ ಸಹಜ. ಡಬ್ಬಿಯೊಳಗೆ ಚಮಚ ಇಟ್ಟು ಮುಚ್ಚಳ ತಡೆಯುವ ಸುತ್ತುದಾರಿ ಯಾಕೆ? ಸಹಾಯಕ ಪ್ರೋಟೀನು ಕಚ್ಚಿಕೊಳ್ಳುವ ಗಾಡಿಯನ್ನೇ ನೇರವಾಗಿ ಒಂದು ಅಣುವಿನಿಂದ ತುಂಬಬಾರದೇಕೆ?

ಈ ಪ್ರಶ್ನೆ ತುರ್ತಿನದೂ ಹೌದು. ಟ್ಯಾಮಾಕ್ಸಿಫೆನ್ ವರ್ಷಗಟ್ಟಲೆ ನುಂಗಿದ ಕೆಲವರಲ್ಲಿ, ಅದರಲ್ಲೂ ಈಸ್ಟ್ರೋಜನ್ ಉತ್ಪತ್ತಿಯನ್ನೇ ತಗ್ಗಿಸುವ ಔಷಧ ಪಡೆದವರಲ್ಲಿ, ಕ್ಯಾನ್ಸರ್ ಮತ್ತೆ ತಲೆಯೆತ್ತುತ್ತದೆ. ಅಂಥ ಗಡ್ಡೆಗಳನ್ನು ಪರೀಕ್ಷಿಸಿದಾಗ ಗ್ರಾಹಕದ 537 ಅಥವಾ 538ನೆಯ ಸ್ಥಾನದ ಅಮೈನೋ ಆಮ್ಲ ಬದಲಾಗಿರುವುದು ಹಲವರಲ್ಲಿ ಕಂಡಿತು. ಈ ಎರಡೂ ಸ್ಥಾನ ಮುಚ್ಚಳದ ಕೀಲಿನ ಬಳಿಯೇ ಇವೆ. ಬದಲಾದ ಗ್ರಾಹಕದಲ್ಲಿ ಒಳಗೆ ಏನೂ ಇಲ್ಲದಿದ್ದರೂ ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತದೆ. ಹಾರ್ಮೋನು ಇಲ್ಲ, ಆದರೂ ಕೆಲಸ ನಡೆಯುತ್ತಿದೆ. ಇಂಥ ಗಡ್ಡೆಗಳಿಗಾಗಿ ಇಲಾಸೆಸ್ಟ್ರಾಂಟ್ ಎಂಬ ಗುಳಿಗೆಗೆ ಅಮೆರಿಕ 2023ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಅದು ಡಬ್ಬಿಯೊಳಗೇ ಕೂತು, ಗ್ರಾಹಕವನ್ನೇ ಜೀವಕೋಶ ನಾಶ ಮಾಡುವಂತೆ ಮಾಡುತ್ತದೆ.

ಗಾಡಿಯನ್ನೇ ನೇರವಾಗಿ ತುಂಬುವ ಪ್ರಯತ್ನ ಬೇರೆ ದಾರಿ. ಅದು ಕಷ್ಟದ ದಾರಿ. ಹಾರ್ಮೋನು ಕೂಡುವ ಪೊಟರೆ ಆಳವಾದದ್ದು, ಸುತ್ತಲೂ ಗೋಡೆಯಿದೆ. ಸಣ್ಣ ಅಣು ಅಲ್ಲಿ ನೆಟ್ಟಗೆ ನಿಲ್ಲುತ್ತದೆ. ಎರಡು ಪ್ರೋಟೀನುಗಳು ಸೇರುವ ಜಾಗ ಸಾಮಾನ್ಯವಾಗಿ ಅಗಲ, ಚಪ್ಪಟೆ, ಸಣ್ಣ ಅಣುವಿಗೆ ಹಿಡಿತ ಸಿಗುವುದಿಲ್ಲ. ಬಹಳ ಕಾಲ ಔಷಧ ಕಂಪನಿಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಈ ಗಾಡಿ ಕಿರಿದು. ಸಹಾಯಕ ಪ್ರೋಟೀನಿನ ಒಂದು ಪುಟ್ಟ ತುಂಡು, ಅದರಲ್ಲಿ ಮೂರು ಲೂಸಿನ್ ಎಂಬ ಅಮೈನೋ ಆಮ್ಲಗಳು, ಇಷ್ಟೇ ಬಂದು ಗಾಡಿಯೊಳಗೆ ಕೂಡುತ್ತವೆ. ಆ ಮೂರರ ಆಕಾರವನ್ನು ಅನುಕರಿಸುವ ಅಣು ಕಟ್ಟಬಹುದಲ್ಲ?

2004ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಾಟ್ಸೆನ್‌ಎಲೆನ್‌ಬೋಗನ್ ಅವರ ತಂಡ ಹಾಗೇ ಮಾಡಿತು. ಪಿರಿಮಿಡಿನ್ ಎಂಬ ಉಂಗುರದ ಸುತ್ತ ಲೂಸಿನ್ ಆಕಾರದ ಕೈಗಳನ್ನು ಜೋಡಿಸಿ ಈಸ್ಟ್ರೋಜನ್ ಗ್ರಾಹಕದ ಗಾಡಿಗೆ ಹೊಂದುವ ಅಣುಗಳನ್ನು ತಯಾರಿಸಿತು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಕಿಪ್ ಗೈ ಅವರ ತಂಡ ಥೈರಾಯ್ಡ್ ಹಾರ್ಮೋನಿನ ಗ್ರಾಹಕವನ್ನು ಕೈಗೆತ್ತಿಕೊಂಡಿತು. ಅವರು ಒಂದು ಲಕ್ಷಕ್ಕೂ ಹೆಚ್ಚು ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸಹಾಯಕ ಪ್ರೋಟೀನಿನ ಭೇಟಿಯನ್ನು ತಪ್ಪಿಸುವ ಕೆಲವನ್ನು ಆರಿಸಿದರು. ಥೈರಾಯ್ಡ್ ಹಾರ್ಮೋನು ತನ್ನ ಪೊಟರೆಯಲ್ಲೇ ಕೂತಿತ್ತು. ಆದರೂ ಕೆಲಸ ನಿಂತಿತ್ತು. 2017ರಲ್ಲಿ ಟೆಕ್ಸಾಸ್ ರಾಜ್ಯದ ವಿಜ್ಞಾನಿಗಳು ಇಆರ್‌ಎಕ್ಸ್-11 ಎಂಬ ಅಣುವಿನ ವರದಿ ಕೊಟ್ಟರು. ಟ್ಯಾಮಾಕ್ಸಿಫೆನ್‌ಗೆ ಬಗ್ಗದ ಸ್ತನದ ಗಡ್ಡೆಗಳ ಬೆಳವಣಿಗೆಯನ್ನು ಅದು ಇಲಿಗಳಲ್ಲಿ ತಗ್ಗಿಸಿತು. ಇಲಿಗಳ ಹಂತ ಮತ್ತು ರೋಗಿಯ ಕೈಗೆ ಬರುವ ಗುಳಿಗೆ, ಇವೆರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ಸೆಂಟ್‌ಕ್ರೋಮಾನ್ ಆಗಲೇ ತೋರಿಸಿದೆ.

ಡಬ್ಬಿಯ ಒಳಗೆ ಕೂಡುವ ಅಣು ಒಂದು ಬಗೆ, ಹೊರಗಿನ ಗಾಡಿಯಲ್ಲಿ ಕೂಡುವ ಅಣು ಇನ್ನೊಂದು ಬಗೆ. ಎರಡಕ್ಕೂ ಬೇಕಾದ ಜನ ಮೂರು ತರಹದವರು. ಅಣು ಕಟ್ಟುವವರು, ಜೀವಿಯಲ್ಲಿ ಅದರ ನಡೆ ನೋಡುವವರು, ರೋಗಿಯನ್ನು ಬಲ್ಲವರು. ಈಗ ಇವರ ಜೊತೆಗೆ ಕಂಪ್ಯೂಟರಿನವರೂ ಬೇಕು.

ಇಂಥವರು ನಮ್ಮಲ್ಲಿ ಎಲ್ಲೆಲ್ಲಿ ಇದ್ದಾರೆ ಎಂದು ನೋಡಲು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿ. ದಾರಿ ಸುಮಾರು 20 ಕಿಲೋಮೀಟರ್. ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದು ಕರೆಯುವ ಸಂಸ್ಥೆ ಬರುತ್ತದೆ, ಸುತ್ತಲಿನ ಜಿಲ್ಲೆಗಳ ಬಡವರು ಬಂದು ಸೇರುವ ದೊಡ್ಡ ದವಾಖಾನೆ. ಅಲ್ಲೇ ಹತ್ತಿರ ಕೆಎಲ್‌ಇ ಫಾರ್ಮಸಿ ಕಾಲೇಜು. ಮುಂದೆ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ. ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು. ಧಾರವಾಡ ಮುಟ್ಟಿದರೆ ಸಂಗೊಳ್ಳಿ ರಾಯಣ್ಣ ನಗರದಲ್ಲಿ ಸೋನಿಯಾ ಎಜ್ಯುಕೇಶನ್ ಟ್ರಸ್ಟಿನ ಫಾರ್ಮಸಿ ಕಾಲೇಜು. ಊರಾಚೆ ಪಾವಟೆ ನಗರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ. 2016ರಿಂದ ಐಐಟಿ ಕೂಡ ಇದೆ.

ಇವುಗಳಲ್ಲಿ ಕೆಲವು ಕಡೆ ನಡೆದ ಕೆಲಸ ಈ ವಿಷಯಕ್ಕೆ ಬಹಳ ಹತ್ತಿರ. ಸೋನಿಯಾ ಟ್ರಸ್ಟಿನ ಕಾಲೇಜಿನಲ್ಲಿ ಹೊಸ ಔಷಧಗಳ ವಿನ್ಯಾಸಕ್ಕೆಂದೇ ಒಂದು ಪ್ರಯೋಗಾಲಯವಿದೆ. ಡಾಕ್ಟರ್ ಶ್ರೀನಿವಾಸ ಜೋಶಿ ಮತ್ತು ಅವರ ಜೊತೆಗಾರರು ಅಲ್ಲಿ ಕ್ಷಯರೋಗಾಣುವಿನ ಒಂದು ಕಿಣ್ವಕ್ಕೆ ಹೊಂದುವ ಅಣುಗಳನ್ನು ಕಂಪ್ಯೂಟರಿನಲ್ಲಿ ಮೊದಲು ಕೂಡಿಸಿ ನೋಡಿ, ನಂತರ ಕೈಯಾರೆ ತಯಾರಿಸಿ, ರೋಗಾಣುವಿನ ಮೇಲೆ ಪರೀಕ್ಷಿಸಿ, ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ. ಗುರಿ ಬೇರೆ, ವಿಧಾನ ಇದೇ. ಪಾವಟೆ ನಗರದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಮನೋಹರ ಕುಲಕರ್ಣಿ ಮತ್ತು ಅವರ ಶಿಷ್ಯರು ಕೂಮರಿನ್ ಎಂಬ ಅಣುಗಳ ಮೇಲೆ ದಶಕಗಟ್ಟಲೆ ದುಡಿದರು. ಕೂಮರಿನ್ ಮತ್ತು ಸೆಂಟ್‌ಕ್ರೋಮಾನಿನ ಕ್ರೋಮಾನ್ ಹಂದರ, ಎರಡೂ ಒಂದೇ ಮನೆತನದ ಜೋಡಿ ಉಂಗುರಗಳು. ಅದೇ ಆವರಣದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಶ್ರೀನಿವಾಸ ಸೈದಾಪುರ ಕಪ್ಪೆಗಳ ಅಂಡಾಶಯದ ಮೇಲೆ ಹಾರ್ಮೋನುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಆಳವಾಗಿ ಅಭ್ಯಾಸ ಮಾಡಿದರು. ಮುಂದೆ ಅವರು ಅದೇ ವಿಶ್ವವಿದ್ಯಾಲಯದ ಕುಲಪತಿಯೂ ಆದರು.

ಲಖನೌದಲ್ಲಿ ಸೆಂಟ್‌ಕ್ರೋಮಾನ್ ಗೆದ್ದದ್ದಕ್ಕೆ ದೊಡ್ಡ ಕಾರಣ, ಅಣು ಕಟ್ಟುವವರೂ ಇಲಿ ಸಾಕುವವರೂ ಒಂದೇ ಛಾವಣಿಯ ಕೆಳಗೆ ಇದ್ದರು. ಬೆಳಿಗ್ಗೆ ಕಟ್ಟಿದ್ದನ್ನು ಪಕ್ಕದ ಕೋಣೆಗೆ ಕೊಟ್ಟುಬರಬಹುದಿತ್ತು. ನಮ್ಮಲ್ಲಿ ಅದೇ ಜನ, ಅದೇ ಜಾಣ್ಮೆ ಒಂದು ಬಸ್ಸಿನ ದಾರಿಯ ಮೇಲೆ ಹರಡಿಕೊಂಡಿದೆ. ಆಸ್ಪತ್ರೆಯಲ್ಲಿ ಇಆರ್ ವರದಿಗಳಿವೆ, ಫಾರ್ಮಸಿ ಕಾಲೇಜಿನಲ್ಲಿ ಅಣು ಕಟ್ಟುವ ಕೈಗಳಿವೆ, ವಿಶ್ವವಿದ್ಯಾಲಯದಲ್ಲಿ ಹಾರ್ಮೋನಿನ ಅರಿವಿದೆ, ಐಐಟಿಯಲ್ಲಿ ಗಣಕ ಬಲವಿದೆ. ಇವರೆಲ್ಲ ಒಂದು ಗುರಿ ಇಟ್ಟುಕೊಂಡು ಒಟ್ಟಿಗೆ ಕೂಡಬೇಕು. ಪಿಎಚ್.ಡಿ. ವಿದ್ಯಾರ್ಥಿಯೊಬ್ಬನಿಗೆ ಮೂರು ಸಂಸ್ಥೆಗಳ ಮೂವರು ಮಾರ್ಗದರ್ಶಕರು ಸಿಗುವಂತಾಗಬೇಕು. ಹೊಸ ಕಟ್ಟಡಕ್ಕಿಂತ ಇದು ಮೊದಲು ಬೇಕು.

ಕೊನೆಗೆ ಪಿಯುಸಿ, ಬಿ.ಎಸ್‌ಸಿ., ಬಿ.ಫಾರ್ಮ್ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಅಂತರರಾಷ್ಟ್ರೀಯ ಭಂಡಾರವಿದೆ. 1971ರಿಂದ ನಡೆದುಬಂದಿದೆ. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ನೋಡಲು ಶುಲ್ಕವಿಲ್ಲ, ಯಾರ ಶಿಫಾರಸ್ಸೂ ಬೇಡ, ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಯಾರ್ಕಿನವರು 1997ರಲ್ಲಿ ಕಂಡುಹಿಡಿದ, ಈಸ್ಟ್ರೋಜನ್ ಒಳಗೆ ಕೂತಿರುವ ಗ್ರಾಹಕಕ್ಕೆ ಅಲ್ಲಿ '1ಇಆರ್‌ಇ' ಎಂಬ ಸಂಕೇತವಿದೆ. ಟ್ಯಾಮಾಕ್ಸಿಫೆನ್ ದೇಹದಲ್ಲಿ ಪಡೆಯುವ ರೂಪವು ಒಳಗೆ ಕೂತಿರುವ ಗ್ರಾಹಕಕ್ಕೆ '3ಇಆರ್‌ಟಿ'. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎರಡನ್ನೂ ಪಕ್ಕಪಕ್ಕ ತೆರೆಯಿರಿ. ಹನ್ನೆರಡನೆಯ ಸುರುಳಿ ಮೊದಲನೆಯದರಲ್ಲಿ ಎಲ್ಲಿದೆ, ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಎಂದು ನೀವೇ ಹುಡುಕಿ. ಸಿಗದಿದ್ದರೆ ನಿಮ್ಮ ರಸಾಯನಶಾಸ್ತ್ರದ ಮಾಸ್ತರರನ್ನು ಕೇಳಿ.